ಸಮುದ್ರ ಮಟ್ಟದಿಂದ ನಮ್ಮ ಭಾವ

ಸುಳ್ಳು ತಕ್ಕಡಿಗಿಂತ ನಿಜ ತಕ್ಕಡಿ ಕಂಡರೆ ನನಗೆ ಹೆಚ್ಚು ಭಯ. ಸುಳ್ಳು ತಕ್ಕಡಿ ಒಂದಿಷ್ಟು ಕದ್ದು ಸುಮ್ಮನಾಗುತ್ತದೆ. ನಿಜ ತಕ್ಕಡಿಯ ಹಿಂದೆ ನಮ್ಮ ಭಾವನಂಥವರು ಯಾರಾದರೂ ನಿಂತಿರುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ತೂಕ ಅಳತೆ ಇಲಾಖೆಯಲ್ಲಿ ನೌಕರಿ. ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ತಂತಿ ಸುತ್ತಿ ಸೀಸದ ಸೀಲು ಒತ್ತುವುದು, ಸರಿಯಿಲ್ಲದಿದ್ದರೆ ದಂಡ ಜಡಿಯುವುದು ಅವರ ಕೆಲಸ. ಈ ಕೆಲಸ ಮಾಡಿ ಮಾಡಿ ಅವರ ತಲೆಯಲ್ಲಿ ಒಂದೇ ಒಂದು ಸಿದ್ಧಾಂತ ಉಳಿದುಕೊಂಡಿತ್ತು. ಎರಡು ತಕ್ಕಡಿ ಬೇರೆ ಬೇರೆ ತೋರಿಸಿದರೆ ಅದರಲ್ಲೊಂದು ಕಳ್ಳ. 'ಸುಮಾರು' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅವರ ಮೂಗು ಕೆಂಪಾಗುತ್ತಿತ್ತು. ತರಕಾರಿಯವನು "ಸುಮಾರು ಒಂದು ಕೆ.ಜಿ. ಇದೆ ಸಾರ್" ಎಂದದ್ದಕ್ಕೆ ದಂಡ ಹಾಕಿ ಬಂದವರು ಅವರು. ಮನೆಯಲ್ಲಿ ಅಕ್ಕ "ಸುಮಾರು ಎಂಟಕ್ಕೆ ಊಟ" ಎಂದರೆ, "ಎಂಟಕ್ಕೋ, ಎಂಟು ಐದಕ್ಕೋ, ಸರಿಯಾಗಿ ಹೇಳು" ಎನ್ನುತ್ತಿದ್ದರು. ಅಕ್ಕ ಸರಿಯಾಗಿಯೇ ಹೇಳುತ್ತಿದ್ದಳು. ಏನು ಹೇಳುತ್ತಿದ್ದಳು ಎಂಬುದನ್ನು ಬರೆಯುವುದು ಮರ್ಯಾದೆಯಲ್ಲ.

ನಾನು ಅದೇ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಬಾಡಿಗೆ ಇಲ್ಲ. ಬಾಡಿಗೆಯ ಬದಲು ಬೆಳಿಗ್ಗೆ ಎದ್ದು ಬೀದಿಯ ಮೂಲೆಯ ಸಾರ್ವಜನಿಕ ನಲ್ಲಿಯಿಂದ ನೀರು ಹೊತ್ತು ಅಡುಗೆಮನೆಯ ಡ್ರಮ್ಮು ತುಂಬಿಸಬೇಕು. ನಮ್ಮ ಬೀದಿಯ ಮನೆಗಳಿಗೆ ನೀರಿನ ಸಂಪರ್ಕ ಇರಲಿಲ್ಲ. ಅಕ್ಕ ಮದುವೆಯಾಗಿ ಬಂದ ಹೊಸದರಲ್ಲಿ, ಪೈಪು ಇನ್ನೇನು ಬಂದೇಬಿಟ್ಟಿತು ಎಂಬ ಯಾರದೋ ಮಾತು ನಂಬಿ, ಗೋಡೆಯೊಳಗೆ ಕೊಳವೆ ಹಾಯಿಸಿ ಅಡುಗೆಮನೆಯಲ್ಲಿ ಒಂದು ಹಿತ್ತಾಳೆ ನಲ್ಲಿ ಹಾಕಿಸಿದ್ದಳು. ಅದರಿಂದ ಒಂದು ಹನಿಯೂ ಬಿದ್ದದ್ದಿಲ್ಲ. ಅವಳು ಅದಕ್ಕೆ ಕೈ ಒರೆಸುವ ಬಟ್ಟೆ ನೇತುಹಾಕುತ್ತಿದ್ದಳು. ಆದರೂ ಆಗಾಗ ನಿಂಬೆ ಸಿಪ್ಪೆ ಹಾಕಿ ತಿಕ್ಕಿ ಹೊಳೆಯಿಸುತ್ತಿದ್ದಳು.

"ಯಾವತ್ತು ಬರುತ್ತೋ ಏನೋ. ಬಂದ ದಿನ ನಲ್ಲಿ ಕಪ್ಪಾಗಿರಬಾರದು ಕಣೋ" ಎನ್ನುತ್ತಿದ್ದಳು.

ಇಂಥ ಮನೆಗೆ ಆ ಗಡಿಯಾರ ಬಂತು.

ಗಡಿಯಾರದಂಗಡಿಯವನಿಗೂ ಭಾವನಿಗೂ ಹಳೆಯ ಪರಿಚಯ. ಯಾರೂ ಕೊಳ್ಳದೆ ಗಾಜಿನ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಒಂದು ದಪ್ಪ ಗಡಿಯಾರವನ್ನು ಅವನು ಇವರ ಕೈಗೆ ಕಟ್ಟಿದ. ಅದು ಪರ್ವತ ಹತ್ತುವವರಿಗಾಗಿ ಮಾಡಿದ್ದಂತೆ. ನಮ್ಮ ಭಾವ ಮಹಡಿ ಮೆಟ್ಟಿಲನ್ನೇ ಒಂದೇ ಉಸಿರಿಗೆ ಹತ್ತುವವರಲ್ಲ. ನಡುವೆ ನಿಂತು ಗೋಡೆಯ ಬಣ್ಣ ಪರೀಕ್ಷಿಸುವವರಂತೆ ನಟಿಸಿ ಉಸಿರು ಹಿಡಿಯುತ್ತಾರೆ. ಆ ಗಡಿಯಾರ ದಿಕ್ಕು ತೋರಿಸುತ್ತಿತ್ತು, ಅಕ್ಷಾಂಶ ರೇಖಾಂಶ ತೋರಿಸುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ತಾನು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇನೆ ಎಂದು ತೋರಿಸುತ್ತಿತ್ತು. ದಿಕ್ಕು ತಿಳಿದುಕೊಂಡು ಭಾವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆದರೆ ಎತ್ತರ! ಅದು ಅವರಿಗೆ ಹುಟ್ಟಿನಿಂದ ಕಡಿಮೆ ಬಿದ್ದಿದ್ದ ಪದಾರ್ಥ.

ಅಂದು ಸಂಜೆ ನಮ್ಮ ಗೇಟಿನಲ್ಲಿ ನಿಂತು ಗಡಿಯಾರ ನೋಡಿದರು. ಒಂಬೈನೂರ ಹನ್ನೆರಡು ಮೀಟರ್. ಎದೆ ಉಬ್ಬಿತು. ಎದುರು ಮನೆಯ ಜಗಲಿಯ ಮೇಲೆ ಮೇಷ್ಟ್ರು ಪೇಪರು ಓದುತ್ತಾ ಕೂತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರು. ಭೂಮಿಯನ್ನು ತಾವೇ ಉಂಡೆ ಕಟ್ಟಿ ಉರುಳಿಸಿದವರ ಹಾಗೆ ಮಾತಾಡುತ್ತಾರೆ. ಭಾವ ರಸ್ತೆ ದಾಟಿ ಹೋದರು. ನಾನು ಹಿಂದೆ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಅಭ್ಯಾಸ ನನಗಿಲ್ಲ.

"ಮೇಷ್ಟ್ರೇ, ನಿಮ್ಮನೆ ಎತ್ತರ ಎಷ್ಟು?"

"ಒಂದಂತಸ್ತು. ಕಾಣಿಸಲ್ವಾ?"

"ಅದಲ್ಲ. ಸಮುದ್ರ ಮಟ್ಟದಿಂದ."

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಮಗಳು ಕೊಡಿಸಿದ ಫೋನನ್ನು ಜೇಬಿನಿಂದ ತೆಗೆದು, ಕನ್ನಡಕ ಹಣೆಗೇರಿಸಿ, ಹತ್ತು ಕಡೆ ಒತ್ತಿ ಹೇಳಿದರು.

"ಎಂಟುನೂರ ಎಂಬತ್ತೇಳು."

ಭಾವ ಬೆರಳಲ್ಲಿ ಲೆಕ್ಕ ಹಾಕಿದರು. ಮುಖದಲ್ಲಿ ಲಾಟರಿ ಹೊಡೆದ ಕಳೆ ಬಂತು.

"ನಮ್ಮದು ಒಂಬೈನೂರ ಹನ್ನೆರಡು! ನಿಮ್ಮನೆ ನಮ್ಮನೆಗಿಂತ ಇಪ್ಪತ್ತೈದು ಮೀಟರ್ ಕೆಳಗಿದೆ ಮೇಷ್ಟ್ರೇ."

"ಹೌದಾ? ಹಾಗಾದ್ರೆ ಈಗ ಹೇಗೆ ಬಂದ್ರಿ? ಹಗ್ಗ ಕಟ್ಕೊಂಡು ಇಳಿದ್ರಾ?"

"ಸಣ್ಣ ಇಳಿಜಾರು. ಅಭ್ಯಾಸ ಆಗಿದೆ, ಗೊತ್ತಾಗಲ್ಲ."

"ಎರಡು ಕಾರು ಎದುರಾದ್ರೆ ಒಂದು ಹಿಂದಕ್ಕೆ ಹೋಗೋ ರಸ್ತೆ ಇದು. ಇಷ್ಟಗಲದಲ್ಲಿ ಎಂಟಂತಸ್ತಿನ ಇಳಿಜಾರು! ಅಲ್ರೀ, ತಲೆ ನೆಟ್ಟಗಿದೆಯಾ?"

"ಹಾಗಾದ್ರೆ ನಿಮ್ಮ ಫೋನು ಕಳ್ಳ. ಒಪ್ಕೊಳ್ಳಿ."

ಮಗಳು ಕೊಡಿಸಿದ ಫೋನನ್ನು ಕಳ್ಳ ಎಂದರೆ ಮೇಷ್ಟ್ರು ಸುಮ್ಮನಿರುತ್ತಾರೆಯೇ? "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನನ್ನ ಫೋನು ಹೇಳಿದ್ದು ನೂರಕ್ಕೆ ನೂರು ಸರಿ!" ಎಂದು ಎದ್ದು ನಿಂತರು.

"ನೀವೇ ಒಪ್ಕೊಂಡ್ರಲ್ಲ. ಅಲ್ಲಿಗೆ ನಮ್ಮನೆ ಎತ್ತರ" ಎಂದು ಭಾವ ತಿರುಗಿ ಹೊರಟರು.

"ಕಳ್ಳ ನಿಮ್ಮ ಗಡಿಯಾರ!" ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು.

ಆ ಮಾತು ಭಾವನಿಗೆ ನಾಟಿತು. ಮಾರನೆಯ ದಿನ ಕಚೇರಿಯಿಂದ ಬರುವಾಗ ಅವರ ಮುಖದಲ್ಲಿ ಗೆಲುವಿತ್ತು. ಗಡಿಯಾರದ ಗುಂಡಿಗಳಿಗೆಲ್ಲ ತೆಳು ತಂತಿ ಸುತ್ತಿ, ಅದರ ತುದಿಗೆ ಸೀಸದ ಬಿಲ್ಲೆ ಕಟ್ಟಿ, ತಮ್ಮ ಇಲಾಖೆಯ ಮುದ್ರೆಯನ್ನೇ ಒತ್ತಿಕೊಂಡು ಬಂದಿದ್ದರು. ಇನ್ನು ಯಾರೂ ಅದರ ಗುಂಡಿ ಒತ್ತುವ ಹಾಗಿಲ್ಲ, ಏನನ್ನೂ ತಿದ್ದುವ ಹಾಗಿಲ್ಲ. ತಿದ್ದಿದರೆ ದಂಡ.

"ಈಗ ಕಳ್ಳ ಅನ್ನಲಿ ನೋಡೋಣ, ಆ ಮೇಷ್ಟ್ರು. ಸರ್ಕಾರಿ ಸೀಲು!"

"ಬೆಳಕಿನ ಗುಂಡಿಯೂ ಸೀಲಾಯ್ತಲ್ಲ ಭಾವ. ಕತ್ತಲಲ್ಲಿ ಗಂಟೆ ಎಷ್ಟು ಅಂತ ಹೇಗೆ ನೋಡ್ತೀರಿ?"

"ಗಂಟೆ ನೋಡೋಕೆ ಗೋಡೆ ಗಡಿಯಾರ ಇದೆ ಕಣಯ್ಯ. ಇದು ಎತ್ತರಕ್ಕೆ."

ಆ ವಾರವೇ ನಮ್ಮ ಗೇಟಿಗೆ ಬೋರ್ಡು ಬಂತು. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ: 'ಸಮುದ್ರ ಮಟ್ಟದಿಂದ ೯೧೨ ಮೀಟರ್. ಈ ಬೀದಿಯ ಅತಿ ಎತ್ತರದ ಮನೆ.' ಮೇಷ್ಟ್ರ ಜಗಲಿಯಲ್ಲಿ ಕೂತವರಿಗೆ ಸರಿಯಾಗಿ ಕಾಣುವ ಹಾಗೆ ಅದನ್ನು ಸ್ವಲ್ಪ ಓರೆ ಮಾಡಿ ಹೊಡೆಸಿದ್ದರು. ಅಂದಿನಿಂದ ಮೇಷ್ಟ್ರು ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಪೇಪರು ಓದತೊಡಗಿದರು.

ಭಾವನಿಗೆ ಕೋಡು ಮೂಡಿತು. ಕಚೇರಿಯಲ್ಲಿ ಯಾರಾದರೂ ಸೆಕೆ ಎಂದರೆ, "ನಮ್ಮ ಕಡೆ ಅಷ್ಟಿಲ್ಲಪ್ಪ, ನಮ್ಮದು ಎತ್ತರ" ಎನ್ನುತ್ತಿದ್ದರಂತೆ. ಮನೆಯಲ್ಲಿ ಟೀ ಆರಿದ್ದರೆ, "ಎತ್ತರದ ಜಾಗದಲ್ಲಿ ಹೀಗೇನೇ, ನೀರು ಬೇಗ ಕುದಿಯುತ್ತೆ, ಬೇಗ ಆರುತ್ತೆ" ಎಂದು ಅಕ್ಕನನ್ನು ತಾವಾಗಿಯೇ ಕ್ಷಮಿಸುತ್ತಿದ್ದರು. ಬಂಧುಗಳಿಗೆಲ್ಲ ಫೋನಿನಲ್ಲಿ ಸುದ್ದಿ ಹೋಯಿತು. ಅವರ ಅಣ್ಣ, "ಉಸಿರಾಟ ಹೇಗಿದೆಯೋ? ಕಷ್ಟ ಆದ್ರೆ ಕೆಳಗೆ ಬಂದು ಸ್ವಲ್ಪ ದಿನ ಇರು" ಎಂದು ನಿಜವಾಗಿ ಆತಂಕಪಟ್ಟರು. ಅಣ್ಣನ ಹೆಂಡತಿ ಮಾತ್ರ, ತನಗೆ ಡಾಕ್ಟರು ಎತ್ತರದ ಜಾಗ ಬೇಡ ಎಂದಿದ್ದಾರೆ, ಆದ್ದರಿಂದ ಈ ಸಲ ರಜೆಗೆ ನಿಮ್ಮಲ್ಲಿಗೆ ಬರುವುದಿಲ್ಲ ಎಂದಳು.

"ಆ ಗಡಿಯಾರದಿಂದ ಆದ ಒಂದೇ ಉಪಕಾರ" ಎಂದು ಅಕ್ಕ ನನಗೆ ಗುಟ್ಟಾಗಿ ಹೇಳಿದಳು.

ಆದರೆ ಎತ್ತರ ನಿಂತಲ್ಲಿ ನಿಲ್ಲಲಿಲ್ಲ. ಮೋಡ ಮುಚ್ಚಿದ ಒಂದು ದಿನ ಗಡಿಯಾರ ಒಂಬೈನೂರ ಮೂವತ್ತೊಂದಕ್ಕೆ ಹೋಯಿತು.

"ನೋಡಯ್ಯ, ಮನೆ ಬೆಳೀತಿದೆ!"

"ಮನೆ ಏನು ಕುಂಬಳ ಬಳ್ಳಿಯಾ ಭಾವ?"

"ಭೂಮಿ ಒಳಗೆ ಏನೇನೋ ಆಗ್ತಿರುತ್ತೆ. ನಿಂಗೇನು ಗೊತ್ತು?"

ಎರಡು ದಿನ ಚೆನ್ನಾಗಿ ಬಿಸಿಲು ಬಿತ್ತು. ಒಂಬೈನೂರ ಐದು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಅಂದೆಲ್ಲ ಕೈ ಜೇಬಿನಲ್ಲೇ ಇತ್ತು.

ನನಗೆ ತಡೆಯಲಾಗಲಿಲ್ಲ. ಗಡಿಯಾರದಂಗಡಿಗೆ ಹೋಗಿ ಕೇಳಿದೆ: ಎದುರುಬದುರು ಮನೆ, ಎರಡು ಯಂತ್ರ, ಎರಡು ಲೆಕ್ಕ; ಅದರಲ್ಲೂ ಒಂದೇ ಯಂತ್ರ, ದಿನಕ್ಕೊಂದು ಲೆಕ್ಕ. ಏನಿದು? ಮಾರಿದ ಮಾಲನ್ನು ವಾಪಸು ತಗೋ ಎನ್ನಲು ಬಂದಿದ್ದೇನೆ ಎಂದುಕೊಂಡು ಅವನು ಮೊದಲು ಬಾಗಿಲ ಕಡೆ ನೋಡಿದ. ಅದಲ್ಲ ಎಂದು ತಿಳಿದ ಮೇಲೆ ನಾಲಿಗೆ ಸಡಿಲವಾಯಿತು.

"ಸ್ವಾಮಿ, ಈ ಗಡಿಯಾರ ಗಾಳಿ ತೂಗುತ್ತೆ. ಮೇಲೆ ಹೋದಷ್ಟೂ ಗಾಳಿ ಹಗುರ ಅಲ್ವಾ, ಅದರ ಮೇಲೆ ಎತ್ತರ ಊಹಿಸುತ್ತೆ. ಮೋಡ ಕವಿದಾಗ ಗಾಳಿ ಹೇಗೂ ಹಗುರ ಆಗುತ್ತೆ. ಪಾಪ, ಅದು ತಾನೇ ಮೇಲೆ ಹೋದೆ ಅಂದ್ಕೊಳ್ಳುತ್ತೆ. ಫೋನು ಹಾಗಲ್ಲ, ಉಪಗ್ರಹಗಳ ಮಾತು ಕೇಳಿ ಲೆಕ್ಕ ಹಾಕುತ್ತೆ. ಗೋಡೆ ಮರ ಅಡ್ಡ ಬಂದ್ರೆ ಅರ್ಧಂಬರ್ಧ ಕೇಳಿಸುತ್ತೆ. ಇನ್ನು ಕೆಲವು ಮ್ಯಾಪುಗಳು ಏನನ್ನೂ ಅಳೆಯೋದೇ ಇಲ್ಲ, ಯಾರೋ ಯಾವತ್ತೋ ಬರೆದಿಟ್ಟಿದ್ದನ್ನ ಓದಿ ಹೇಳ್ತವೆ. ಸಮುದ್ರ ಮಟ್ಟ ಅಂತೀವಲ್ಲ, ಅದೂ ಒಂದೊಂದಕ್ಕೆ ಒಂದೊಂದು."

"ಹಾಗಾದ್ರೆ ಯಾವುದು ಕಳ್ಳ?"

"ಯಾವುದೂ ಅಲ್ಲ. ಎಲ್ಲವೂ ಸುಮಾರಾಗಿ ಹೇಳ್ತವೆ. ಆದ್ರೆ 'ಸುಮಾರು' ಅಂತ ಬರೆಯೋಕೆ ಆ ಪುಟ್ಟ ಪರದೆ ಮೇಲೆ ಜಾಗ ಇಲ್ಲ ನೋಡಿ. ಗೊತ್ತಿರೋ ಎತ್ತರದ ಜಾಗಕ್ಕೆ ಹೋದಾಗೆಲ್ಲ ಗುಂಡಿ ಒತ್ತಿ ಸರಿ ಮಾಡ್ಕೋಬೇಕು, ಅಷ್ಟೇ."

"ಗುಂಡಿಗೆ ಸೀಲು ಹಾಕಿದ್ರೆ?"

ಅವನು ನನ್ನನ್ನು ಕರುಣೆಯಿಂದ ನೋಡಿದ. ಅಂಥದ್ದನ್ನು ಯಾರೂ ಮಾಡುವುದಿಲ್ಲ ಎಂದ.

ನಾನು ಮನೆಗೆ ಬಂದು ಇದನ್ನೆಲ್ಲ ಒಪ್ಪಿಸಿದೆ. ಭಾವ ಪೂರ್ತಿ ಕೇಳಿ, "ಸುಮಾರು ಅಂದನಾ? ನಾಳೆ ಅವನ ಅಂಗಡಿ ಪರೀಕ್ಷೆ ಮಾಡ್ತೀನಿ" ಎಂದರು.

ಇದೇ ಹೊತ್ತಿಗೆ, ಇಷ್ಟು ವರ್ಷ ಯಾರೂ ನಂಬದಿದ್ದದ್ದು ನಡೆದುಹೋಯಿತು. ಬೀದಿಗೆ ಪೈಪು ಬಂತು. ಲಾರಿಯಿಂದ ಉದ್ದುದ್ದ ಕೊಳವೆ ಇಳಿಸಿದ ದಿನ ಅಕ್ಕ ನಲ್ಲಿಯ ಮೇಲಿನ ಬಟ್ಟೆ ತೆಗೆದು, ಎರಡು ಸಲ ತಿಕ್ಕಿ ತೊಳೆದಳು. ಅದರ ಕಿವಿ ತಿರುಗಿಸಿ ನೋಡಿದಳು. ಒಳಗಿಂದ ಒಂದು ಜಿರಲೆ ಬಂತು. ಅಕ್ಕ ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗಂತೂ ಕಣ್ಣಲ್ಲಿ ನೀರೇ ಬಂತು, ಯಾಕೆಂದರೆ ನನ್ನ ಬಲ ಭುಜ ಎಡ ಭುಜಕ್ಕಿಂತ ಕೆಳಗಿಳಿದು ಎಷ್ಟೋ ಕಾಲವಾಗಿತ್ತು.

ಮಾರನೆಯ ಬೆಳಿಗ್ಗೆ ನೀರು ಸರಬರಾಜು ಕಚೇರಿಯ ಎಂಜಿನಿಯರು ಬಂದರು. ಕೈಯಲ್ಲಿ ಒಂದು ಟ್ಯಾಬ್ಲೆಟ್ಟು, ಕಾಲಲ್ಲಿ ಹೊಸ ಬೂಟು. ಅವರ ನಿಯಮ ಸರಳವಾಗಿತ್ತು. ದಿಬ್ಬದ ಮೇಲೆ ಕಟ್ಟಿದ ಹೊಸ ತೊಟ್ಟಿಯಿಂದ ನೀರು ತಾನಾಗಿ ಇಳಿದು ಬರಬೇಕು. ಆದ್ದರಿಂದ ಒಂಬೈನೂರು ಮೀಟರಿಗಿಂತ ಕೆಳಗಿನ ಮನೆಗಳಿಗೆ ಈಗಲೇ ಸಂಪರ್ಕ. ಅದಕ್ಕಿಂತ ಮೇಲಿನ ಮನೆಗಳಿಗೆ ಮುಂದಿನ ಹಂತದಲ್ಲಿ, ಅಂದರೆ ಪಂಪು ಬಂದ ಮೇಲೆ. ಸರ್ಕಾರದ ಭಾಷೆ ಬಲ್ಲವರಿಗೆ 'ಮುಂದಿನ ಹಂತ' ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಮೇಷ್ಟ್ರ ಮನೆ ಮುಗಿಸಿ ನಮ್ಮ ಗೇಟಿಗೆ ಬಂದು, ಟ್ಯಾಬ್ಲೆಟ್ಟು ಎತ್ತಿ ಹಿಡಿದು, "ಎಂಟುನೂರ ತೊಂಬತ್ತಾರು. ನಿಮ್ಮದೂ ಆಗುತ್ತೆ ಸಾರ್" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ತೆಪ್ಪಗೆ ಇದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಎದುರು ಜಗಲಿಯಲ್ಲಿ ಮೇಷ್ಟ್ರು ಕುರ್ಚಿಯನ್ನು ಇತ್ತ ತಿರುಗಿಸಿಕೊಂಡು ಕೂತಿದ್ದರು.

"ತಪ್ಪು" ಎಂದರು ಭಾವ.

"ಏನು ತಪ್ಪು?"

"ನಿಮ್ಮ ಲೆಕ್ಕ ತಪ್ಪು. ಇದು ಒಂಬೈನೂರ ಹನ್ನೆರಡು. ಬೋರ್ಡು ಓದಿ."

ಎಂಜಿನಿಯರು ಬೋರ್ಡು ಓದಿದರು. ಮತ್ತೆ ಟ್ಯಾಬ್ಲೆಟ್ಟು ನೋಡಿದರು. ನಾನು ಹಿಂದಿನಿಂದ ಭಾವನ ಅಂಗಿ ಜಗ್ಗಿದೆ. ಅವರು ನನ್ನ ಕೈಯನ್ನು ನೊಣ ಓಡಿಸಿದ ಹಾಗೆ ಓಡಿಸಿ, ಮುಂಗೈ ಚಾಚಿದರು.

"ನಿಮ್ಮದಕ್ಕೆ ಸೀಲು ಇದೆಯಾ?"

"ನಮ್ಮದು ಇಲಾಖೆಯಿಂದ ಕೊಟ್ಟಿದ್ದು ಸಾರ್. ಸೀಲು ಗೀಲು ಇಲ್ಲ."

"ಇದಕ್ಕೆ ಇದೆ. ನೋಡಿ. ತೂಕ ಅಳತೆ ಇಲಾಖೆ."

ಎಂಜಿನಿಯರ ಮುಖದಲ್ಲಿ ಭಕ್ತಿ ಮೂಡಿತು. ನೌಕರಿ ಸೇರಿದ ಮೇಲೆ ಇನ್ನೊಂದು ಇಲಾಖೆಯ ಸೀಲನ್ನು ಅವರು ಇಷ್ಟು ಹತ್ತಿರದಿಂದ ಕಂಡಿರಲಿಲ್ಲವೋ ಏನೋ. ಬೋರ್ಡಿನ ಫೋಟೋ ತೆಗೆದರು. ಗಡಿಯಾರದ ಫೋಟೋ ತೆಗೆದರು. ಎರಡೂ ಒಟ್ಟಿಗೆ ಬರುವ ಹಾಗೆ ಭಾವನನ್ನು ಬೋರ್ಡಿನ ಪಕ್ಕ ನಿಲ್ಲಿಸಿ ಇನ್ನೊಂದು ತೆಗೆದರು. ಭಾವ ಹಲ್ಲು ಕಾಣುವ ಹಾಗೆ ನಕ್ಕರು.

ಅಷ್ಟರಲ್ಲಿ ಅಕ್ಕ ಟೀ ತಂದು ಎಂಜಿನಿಯರ ಕೈಗೆ ಕೊಟ್ಟಳು. "ನಮ್ಮನೆ ಮುಂದೆ ಯಾವತ್ತು ಅಗೀತೀರಾ ಸಾರ್?"

"ನಿಮ್ಮದು ಮುಂದಿನ ಹಂತ ಅಮ್ಮ. ಎತ್ತರದ ಮನೆ. ಯಜಮಾನರೇ ಸೀಲು ತೋರಿಸಿ ರುಜುವಾತು ಮಾಡಿದ್ರಲ್ಲ."

ಎಂಜಿನಿಯರು ಇನ್ನೂ ಒಂದೇ ಗುಟುಕು ಕುಡಿದಿದ್ದ ಟೀ ಲೋಟವನ್ನು ಅಕ್ಕ ಅವರ ಕೈಯಿಂದ ವಾಪಸು ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಖಾಲಿ ಬಕೆಟ್ಟು ಹಿಡಿದು ಹೊರಗೆ ಬಂದು ಭಾವನ ಕಾಲ ಬಳಿ ಇಟ್ಟಳು.

"ರೀ, ಇವತ್ತಿಂದ ನೀರು ನೀವೇ ತನ್ನಿ. ಎತ್ತರದ ಮನೆ ನಿಮ್ಮದು."

ನಾನು ಭಾವನ ಮೇಲಿನ ಕನಿಕರವನ್ನು ಅಂದಿನ ಮಟ್ಟಿಗೆ ಮುಂದೂಡಿ ಮಹಡಿ ಹತ್ತಿ ಮಲಗಿದೆ.

ಭಾವ ನೀರು ಹೊತ್ತರು. ಮೂಲೆಯ ನಲ್ಲಿಯಿಂದ ಮನೆಯವರೆಗೆ ದಾರಿಯುದ್ದಕ್ಕೂ ಬಕೆಟ್ಟು ಕುಲುಕಿ, ಅರ್ಧ ನೀರು ಬೀದಿಗೆ, ಕಾಲು ಭಾಗ ಪಂಚೆಗೆ, ಉಳಿದದ್ದು ಡ್ರಮ್ಮಿಗೆ. ಮೇಷ್ಟ್ರು ಪ್ರತಿ ಸಲವೂ ಜಗಲಿಯಿಂದ ಕೇಳುತ್ತಿದ್ದರು.

"ಏರು ಜಾಸ್ತಿಯಾ?"

ಮೇಷ್ಟ್ರ ಮನೆಗೆ ಪೈಪು ಬಂತು. ಅವರ ಹೆಂಡತಿ ಅಂಗಳ ತೊಳೆದ ಸದ್ದು, ಬಟ್ಟೆ ಅಲುಬಿದ ಸದ್ದು, ಯಾವ ಕಾರಣವೂ ಇಲ್ಲದೆ ಸುಮ್ಮನೆ ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಕ್ಕ ತನ್ನ ಹಿತ್ತಾಳೆ ನಲ್ಲಿಗೆ ಮತ್ತೆ ಬಟ್ಟೆ ನೇತುಹಾಕಿದಳು. ಆ ಬಟ್ಟೆ ನೋಡಿದಾಗ ಮಾತ್ರ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಇಷ್ಟು ವರ್ಷ ಕಾದವಳ ಬಾಯಿಗೆ ಬಂದ ತುತ್ತನ್ನು ಈ ಮನುಷ್ಯ ಒಂದು ಫೋಟೋ ತೆಗೆಸಿಕೊಳ್ಳುವ ಆಸೆಗೆ ಕಿತ್ತುಕೊಂಡಿದ್ದರು.

ಕೆಲವು ದಿನಗಳಲ್ಲೇ ಭಾವನ ಸೊಂಟ ಮಾತಾಡತೊಡಗಿತು. ಅವರು ನೀರಿನ ಕಚೇರಿಗೆ ಹೋಗಿ, ತಮ್ಮ ಮನೆ ಅಷ್ಟೇನೂ ಎತ್ತರವಿಲ್ಲ, ಏನೋ ತಪ್ಪಾಗಿದೆ ಎಂದರು. ಎಂಜಿನಿಯರು ತಲೆ ಕೆಡಿಸಿಕೊಳ್ಳಲಿಲ್ಲ.

"ನಮ್ಮ ಟ್ಯಾಬ್ಲೆಟ್ಟಿನ ಲೆಕ್ಕ ನೀವೇ ತಪ್ಪು ಅಂದ್ರಿ ಸಾರ್. ಈಗ ಅದನ್ನ ಸರಿ ಅಂತ ನಾನು ಬರೆಯೋಕಾಗುತ್ತಾ? ಸೀಲಿರೋ ಯಂತ್ರ ಹೇಳಿದ್ದನ್ನ ಸೀಲಿರೋ ಯಂತ್ರವೇ ಬದಲಾಯಿಸ್ಬೇಕು. ಅದೇ ಗಡಿಯಾರ ಒಂಬೈನೂರರ ಒಳಗೆ ತೋರಿಸಲಿ, ನಾಡಿದ್ದು ಬೆಳಿಗ್ಗೆ ಬಂದು ಫೋಟೋ ತಗೋತೀನಿ. ಆದ್ರೆ ಸೀಲು ಮುರಿದಿರಬಾರದು. ಮುರಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಸೀಲು ಮುರಿದವರಿಗೆ ಹಾಕುವ ದಂಡ ಎಷ್ಟೆಂದು ಭಾವನಿಗೆ ಬಾಯಿಪಾಠ. ಗುಂಡಿ ಒತ್ತಿದರೆ ಒಂದು ಕ್ಷಣದ ಕೆಲಸ. ಆದರೆ ಗುಂಡಿಯ ಮೇಲೆ ಅವರದೇ ತಂತಿ, ತಂತಿಯ ಮೇಲೆ ಅವರದೇ ಮುದ್ರೆ.

ಮನೆಯನ್ನು ಕೆಳಗಿಳಿಸುವ ಪ್ರಯತ್ನ ಶುರುವಾಯಿತು. ಗಡಿಯಾರವನ್ನು ಮಂಚದ ಕೆಳಗಿಟ್ಟರು. ಪೈಪಿನ ಆಸೆಗೆ ತೋಡಿಸಿದ್ದ ಖಾಲಿ ಸಂಪಿನ ತಳಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರು. ಫ್ರಿಜ್ಜಿನಲ್ಲಿಟ್ಟರು, ಯಾಕೆಂದು ಕೇಳಿದೆ, ತಣ್ಣಗಾದ್ರೆ ಕುಗ್ಗಬಹುದು ಎಂದರು. ಮಾರನೆಯ ಮಧ್ಯಾಹ್ನದ ಬಿಸಿಲಿಗೆ ಅದು ತಾನಾಗಿ ಒಂಬೈನೂರ ಮೂರಕ್ಕೆ ಇಳಿಯಿತು. ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಸಂಜೆಗೆ ಮೋಡ ಬಂದು ಮನೆ ಮತ್ತೆ ಮೇಲೇರಿತು.

"ಆ ಅಂಗಡಿಯವನು ಏನಂದಿದ್ದ, ಸರಿಯಾಗಿ ಹೇಳು" ಎಂದು ಭಾವ ನನ್ನ ಕೋಣೆಗೆ ಬಂದು ಕೂತರು. ಮೆಟ್ಟಿಲ ನಡುವೆ ಗೋಡೆಯ ಬಣ್ಣವನ್ನೂ ನೋಡಿರಲಿಲ್ಲ, ಅಷ್ಟು ಅವಸರ.

"ಗಾಳಿ ಹಗುರಾದ್ರೆ ಎತ್ತರ ಜಾಸ್ತಿ ತೋರಿಸುತ್ತೆ ಅಂದ."

"ಅಂದ್ರೆ ಗಾಳಿ ಭಾರ ಆದ್ರೆ?"

"ಕಮ್ಮಿ ತೋರಿಸ್ಬೇಕು. ಆದ್ರೆ ಗಾಳೀನ ಯಾರು ಭಾರ ಮಾಡ್ತಾರೆ ಭಾವ? ಒತ್ತಿ ತುಂಬೋಕೆ ಅದೇನು..."

ನಾನು ಅಲ್ಲಿಗೇ ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. ಅವರ ಕಣ್ಣು ಹೊಳೆದದ್ದನ್ನು ನೋಡಿ ನನಗೆ ಗಾಬರಿಯೇ ಆಯಿತು.

ಎಂಜಿನಿಯರು ಬರಬೇಕಿದ್ದ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅಡುಗೆಮನೆಯಿಂದ ಅಕ್ಕನ ದನಿ ಕೇಳಿಸಿತು.

"ರೀ, ಕುಕ್ಕರಲ್ಲಿ ಏನಿಟ್ಟಿದೀರಿ?"

"ಏನೂ ಇಲ್ಲ. ನೀನು ಆಚೆ ಹೋಗು."

"ಏನೂ ಇಲ್ದೆ ಕುಕ್ಕರ್ ಕೂಗುತ್ತಾ? ಆಲೂಗಡ್ಡೆ ಬೇಯಿಸ್ಬೇಕು, ತೆಗೀರಿ."

"ಮುಟ್ಟಬೇಡ! ಮನೆ ಇಳೀತಿದೆ!"

ಗೇಟು ಕಿರುಗುಟ್ಟಿತು. ಎಂಜಿನಿಯರು ಬಂದಿದ್ದರು. ಅವರ ಹಿಂದೆ, ಹೀಗೇ ಬಂದೆ ಎನ್ನುವ ಮುಖ ಮಾಡಿಕೊಂಡು ಮೇಷ್ಟ್ರು. ಮೇಷ್ಟ್ರ ಹಿಂದೆ ಅವರ ಹೆಂಡತಿ.

"ಎಲ್ಲಿ ಸಾರ್ ಗಡಿಯಾರ?"

"ಇದೆ. ಒಳಗಿದೆ. ಒಂದು ನಿಮಿಷ ಕೂತ್ಕೊಳ್ಳಿ."

"ನನಗೆ ಇನ್ನೂ ನಾಲ್ಕು ಕಡೆ ಹೋಗ್ಬೇಕು. ಎಲ್ಲಿದೆ ಹೇಳಿ, ನಾನೇ ಫೋಟೋ ತಗೋತೀನಿ."

ಕುಕ್ಕರು ಉದ್ದಕ್ಕೆ ಒಂದು ಸೀಟಿ ಹೊಡೆಯಿತು.

"ಬೇಯ್ತಿದೆ" ಎಂದಳು ಅಕ್ಕ.

ಭಾವ ಒಲೆ ಆರಿಸಿದರು. ಆವಿ ಇಳಿಯುವವರೆಗೆ ಎಲ್ಲರೂ ಆ ಕುಕ್ಕರಿನ ಸುತ್ತ ನಿಂತಿದ್ದರು. ಅಂಥ ಗುಂಪನ್ನು ನಾನು ಆಸ್ಪತ್ರೆಯ ಹೊರಗಷ್ಟೇ ನೋಡಿದ್ದೇನೆ. ಕೊನೆಗೆ ಭಾವ ಮುಚ್ಚಳ ತೆಗೆದು, ಇಕ್ಕಳದಲ್ಲಿ ಗಡಿಯಾರ ಎತ್ತಿದರು. ಪಟ್ಟಿ ಮೆತ್ತಗಾಗಿ ನೇತಾಡುತ್ತಿತ್ತು. ಗಾಜಿನೊಳಗೆ ಮಂಜು ಕಟ್ಟಿತ್ತು. ಆದರೆ ತಂತಿ ಇತ್ತು, ಸೀಸದ ಬಿಲ್ಲೆ ಇತ್ತು, ಮುದ್ರೆ ಒಂಚೂರೂ ಅಳಿಸಿರಲಿಲ್ಲ.

"ಸೀಲು ನೋಡಿ! ಗಟ್ಟಿಮುಟ್ಟಾಗಿದೆ!" ಎಂದು ಭಾವ ಹೆಮ್ಮೆಯಿಂದ ಗಾಜು ಒರೆಸಿದರು.

ಗಡಿಯಾರ ಸತ್ತಿತ್ತು. ಸಾಯುವ ಮುಂಚೆ ಅದು ಕಂಡ ಕೊನೆಯ ಅಂಕಿ ಪರದೆಯ ಮೇಲೆ ಅಂಟಿಕೊಂಡು ಉಳಿದಿತ್ತು. ಎಂಜಿನಿಯರು ಬಗ್ಗಿ ಓದಿದರು.

"ಮೈನಸ್ ಏಳುನೂರು."

"ಒಂಬೈನೂರರ ಒಳಗೇ ಇದೆಯಲ್ಲ" ಎಂದರು ಭಾವ.

"ಸಾರ್, ಇದು ಸಮುದ್ರ ಮಟ್ಟದಿಂದ ಏಳುನೂರು ಮೀಟರ್ ಕೆಳಗೆ."

"ಕೆಳಗೇ ತಾನೇ ಬೇಕಾಗಿದ್ದು?"

ಎಂಜಿನಿಯರು ನೆಟ್ಟಗೆ ನಿಂತು, ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡರು. "ಸಮುದ್ರದ ತಳದಲ್ಲಿರೋ ಮನೆಗೆ ನೀರಿನ ಕೊರತೆ ಏನು ಸಾರ್? ನನ್ನ ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ? ಮುಂದಿನ ಹಂತದಲ್ಲಿ ನೋಡೋಣ."

ಅವರು ಹೋದರು. ಮೇಷ್ಟ್ರು ನಗುತ್ತಾರೆ ಎಂದು ನಾನು ಕಾದೆ. ಅವರು ನಗುವ ಸಿದ್ಧತೆಯಲ್ಲೇ ಇದ್ದರು, ಹೊಟ್ಟೆ ಆಗಲೇ ಅಲುಗುತ್ತಿತ್ತು. ಆದರೆ ಅಕ್ಕ ಬೆಂದ ಗಡಿಯಾರವನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನೆಲದ ಮೇಲಿದ್ದ ಖಾಲಿ ಬಕೆಟ್ಟು ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಮೂಲೆಯ ನಲ್ಲಿಯ ಕಡೆ ಹೊರಟಳು.

ಮೇಷ್ಟ್ರ ಹೆಂಡತಿ ಗಂಡನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಮೇಷ್ಟ್ರು ನಗುವುದು ಬಿಟ್ಟು ಕನ್ನಡಕ ಒರೆಸತೊಡಗಿದರು.

"ಬಕೆಟ್ಟು ಕೆಳಗಿಡಿ" ಎಂದು ಅವರು ಅಕ್ಕನಿಗೆ ಹೇಳಿ, ಗಂಡನ ಕಡೆ ತಿರುಗಿದರು. "ರೀ, ತೋಟಕ್ಕೆ ಅಂತ ತಂದ ಉದ್ದ ಪೈಪು ಇದೆಯಲ್ಲ, ಅದನ್ನ ತನ್ನಿ."

"ಅವರಿಗಾ? ಇಪ್ಪತ್ತೈದು ಮೀಟರ್ ಮೇಲಕ್ಕೆ ಏರುತ್ತಾ ನೀರು?"

"ಸುಮ್ನೆ ತರ್ತೀರೋ ಇಲ್ವೋ?"

ಹಸಿರು ಪೈಪು ರಸ್ತೆ ದಾಟಿ ಬಂತು. ಒಂದು ತುದಿ ಮೇಷ್ಟ್ರ ಅಂಗಳದ ನಲ್ಲಿಗೆ, ಇನ್ನೊಂದು ತುದಿ ನಮ್ಮ ಗೋಡೆಯಿಂದ ಹೊರಗೆ ಚಾಚಿಕೊಂಡಿದ್ದ ಹಳೆಯ ಕೊಳವೆಗೆ. ನಾನು ಬಟ್ಟೆ ಸುತ್ತಿ ಬಿಗಿದೆ. ಅಕ್ಕ ಒಳಗೆ ಓಡಿಹೋಗಿ ಹಿತ್ತಾಳೆ ನಲ್ಲಿಯ ಬಟ್ಟೆ ತೆಗೆದು ನಿಂತಳು. ಮೇಷ್ಟ್ರ ಹೆಂಡತಿ ಅಲ್ಲಿಂದ ತಿರುಗಿಸಿದರು. ಹಸಿರು ಪೈಪು ಒಮ್ಮೆ ಮೈ ಮುರಿಯಿತು. ಅಡುಗೆಮನೆಯ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಬಿಳಿಯಾಗಿ ಧೋ ಎಂದು ಸುರಿಯಿತು.

ಅಕ್ಕ ಅದರ ಕೆಳಗೆ ಪಾತ್ರೆ ಹಿಡಿಯುವುದನ್ನೂ ಮರೆತಳು. ಎರಡು ಕೈ ಒಡ್ಡಿಕೊಂಡು ಸುಮ್ಮನೆ ನಿಂತಿದ್ದಳು.

ಎಂಟಂತಸ್ತು ಕೆಳಗಿದ್ದ ಮನೆಯಿಂದ ಪಂಪಿಲ್ಲದೆ, ಯಾರ ಸೀಲಿಲ್ಲದೆ ನೀರು ಮೇಲೆ ಬಂದಿತ್ತು. ಒಂದು ವಾರದ ಮೇಲೆ ಎಂಜಿನಿಯರು ಆ ದಾರಿಯಾಗಿ ಹೋಗುವಾಗ ರಸ್ತೆಗಡ್ಡ ಮಲಗಿದ್ದ ಹಸಿರು ಪೈಪನ್ನು ನೋಡಿದರು. ಅದರ ಎರಡೂ ತುದಿ ನೋಡಿದರು. "ಇದು ನಿಯಮದ ಪ್ರಕಾರ ಸಾಧ್ಯ ಇಲ್ಲ" ಎಂದು ಹೇಳಿ, ಎಡವದ ಹಾಗೆ ಅದನ್ನು ದಾಟಿ ಹೋದರು.

ಮೇಷ್ಟ್ರು ಹೆಂಡತಿಯ ಮಾತಿಗೆ ಪೈಪು ಕೊಟ್ಟರೇ ಹೊರತು ಪುಕ್ಕಟೆ ಬಿಡುವ ಜಾತಿಯಲ್ಲ. ನಲ್ಲಿಯ ಕಿವಿ ಅವರ ಅಂಗಳದಲ್ಲಿದೆ. ಬೋರ್ಡು ತೆಗೆಯುವುದು ಬೇಡ ಎಂದರು. ಇರಲಿ, ಚೆನ್ನಾಗಿದೆ ಎಂದರು. ದಿನಾ ಬೆಳಿಗ್ಗೆ ಭಾವ ಕಚೇರಿಗೆ ಹೊರಡುವ ಮುಂಚೆ ಅವರ ಜಗಲಿಯ ಮುಂದೆ ಹೋಗಿ ನಿಲ್ಲಬೇಕು, ಅಷ್ಟೇ. ಮೇಷ್ಟ್ರು ಪೇಪರು ಮಡಿಸಿ, ಫೋನು ತೆಗೆದು, ಕನ್ನಡಕ ಹಣೆಗೇರಿಸುತ್ತಾರೆ.

"ನಮ್ಮದು ಇವತ್ತು ಎಂಟುನೂರ ಎಂಬತ್ನಾಲ್ಕು. ನಿಮ್ಮನೆ ಎಷ್ಟು ಎತ್ತರ?"

ಭಾವ ಅತ್ತ ಇತ್ತ ನೋಡುತ್ತಾರೆ. ಮೂಗು ಕೆಂಪಾಗುತ್ತದೆ. ಅಡುಗೆಮನೆಯ ಕಿಟಕಿಯಿಂದ ಅಕ್ಕ, "ಬೇಗ ಹೇಳ್ರೀ, ಪಾತ್ರೆ ಬಿದ್ದಿದೆ" ಎಂದು ಕೂಗುತ್ತಾಳೆ.

"ಸುಮಾರು..." ಎನ್ನುತ್ತಾರೆ ಭಾವ.

"ಏನಂದ್ರಿ? ಕೇಳಿಸ್ಲಿಲ್ಲ."

"ಸುಮಾರು ನಿಮ್ಮಷ್ಟೇ ಮೇಷ್ಟ್ರೇ!"

ಮೇಷ್ಟ್ರು ನಲ್ಲಿ ತಿರುಗಿಸುತ್ತಾರೆ.